ಎಲೆ ನುಂಗಿದ ಸಿಂಹ

ಜ್ವೋಲೆನ್ ಊರಿನ ಕುಸ್ತಿ ಕ್ಲಬ್ಬಿನೊಳಗೆ
ತಿಂಗಳಿಗೊಂದು ಭಾನುವಾರ ನಾಣ್ಯದ ಸಂತೆ.
ಬಸ್ಸು ತಡವಿತ್ತು, ಹೊರಗೆ ಚಳಿ,
ಬೆಚ್ಚಗಾಗಲೆಂದು ಹೊಕ್ಕವಳು ನಾನು.

ಮೂರನೇ ಮೇಜಿನ ಹುಡುಗ, ಹೆಸರು ಸ್ವೆತೋಜಾರ್ ಅಂತೆ,
"ಅಜ್ಜೀ, ಇಲ್ಲಿ ನೋಡಿ" ಅಂದ.
ಹತ್ತು ಹಾಲಿಯರಿನ ಹಗುರ ಬಿಲ್ಲೆ,
ಬಾಲ ಎತ್ತಿ ನಿಂತ ಸಿಂಹ.
ಕಾಸಿಗೊಂದು ಕೊಸರಿಗೆರಡು ಎಂಬಂಥದ್ದು
ಪ್ಲಾಸ್ಟಿಕ್ಕಿನ ಗೂಡೊಳಗೆ ದೇವರ ಹಾಗೆ ಕೂತಿದೆ.

"ಹೊಟ್ಟೆ ನೋಡಿ, ಹೊಟ್ಟೆ!"
ಭೂತಗನ್ನಡಿ ನನ್ನ ಕಣ್ಣಿಗೆ ಹಿಡಿದ.
ಪಕ್ಕೆಲುಬಿನ ಅಡಿಯಲ್ಲಿ,
ಉಸಿರು ತಾಕಿದ ಗಾಜಿನ ಮೇಲೆ ಬೆರಳು ಗೀಚಿದಂತೆ,
ಒಂದು ಲಿಂಡನ್ ಎಲೆ. ನರ ನರ ಕಾಣುತ್ತೆ.
ತೊಟ್ಟು ಬಲಕ್ಕಿರಬೇಕು, ಎಡಕ್ಕಿದೆ.
ಆ ಎಲೆಯ ಜಾಗ ನಾಣ್ಯದ ಬೆನ್ನಿನ ಕಡೆ.

"ಬಿಲ್ಲೆ ಇಲ್ಲದೆ ಬಡಿದಿದೆ ಯಂತ್ರ.
ಮೇಲಚ್ಚು ಕೆಳಗಚ್ಚು ಮುಖಕ್ಕೆ ಮುಖ ಕೊಟ್ಟು
ಒಂದರ ಗುರುತು ಇನ್ನೊಂದಕ್ಕೆ ಹತ್ತಿದೆ.
ಆಮೇಲೆ ಬಿದ್ದವಕ್ಕೆಲ್ಲ ಇದೇ ಗರ್ಭ.
ಎಲೆ ನುಂಗಿದ ಸಿಂಹ ಅಂತೀವಿ ನಾವು."
ಮಗ್ಗಿ ಒಪ್ಪಿಸಿದ ಹಾಗೆ ಒಪ್ಪಿಸಿದ.

ನಾನು ತಲೆಯಾಡಿಸಿದೆ.

ಕ್ರೆಮ್ನಿತ್ಸಾದ ಟಂಕಸಾಲೆ, ನಾಲ್ಕನೇ ಯಂತ್ರ,
ರಾತ್ರಿ ಪಾಳಿ. ಪಕ್ಕದ ಯಂತ್ರದ ಹೆರ್ಮೀನಾ
ಮೇಸ್ತ್ರಿ ಒಂದ್ರೇಯ್ಕಾನ ಟೋಪನ್ನಿನ ಬಗ್ಗೆ ಏನೋ ಅಂದಳು.
ಗದ್ದಲದಲ್ಲಿ ಕೇಳಿಸಲಿಲ್ಲ. ಮತ್ತೆ ಕೂಗಿ ಅಂದಳು.
ಕೇಳಿಸಿತು.
ನಕ್ಕೆವು, ಕಂಬ ಹಿಡಿದುಕೊಂಡು,
ಏಪ್ರನ್ನಿನ ತುದಿಯಲ್ಲಿ ಕಣ್ಣೊರೆಸಿಕೊಂಡು.
ಕೊಳವೆಯೊಳಗೆ ಬಿಲ್ಲೆ ಮುಗಿದದ್ದು ಯಾರು ಕಂಡರು?

ಸದ್ದು ಮಾತ್ರ ತಿಳಿಯಿತು.
ಠಣ್ ಅಲ್ಲ. ಹಲ್ಲಿಗೆ ಹಲ್ಲು ತಾಕುವ ಸದ್ದು.
ಬೇಗ ಬೇಗ ಬಿಲ್ಲೆ ಸುರಿದೆ, ಬಾಯಿ ಮುಚ್ಚಿಕೊಂಡೆ.
ಬೆಳಗಿನವರೆಗೆ ಒಂದೊಂದು ಸಿಂಹವೂ
ಎಲೆ ತಿಂದುಕೊಂಡೇ ಡಬ್ಬಿಗೆ ಬಿತ್ತು.

ಎರಡು ದಿನದ ಸಂಬಳಕ್ಕೆ ಕತ್ತರಿ.
ಒಂದು ದಿನದ್ದು ನನ್ನದು ಅಂತ ಹೆರ್ಮೀನಾ ಕೊಡಬಂದಳು,
ತಗೊಳ್ಳಲಿಲ್ಲ. ಸಾಸೇಜು ಕೊಡಿಸಿದಳು, ತಿಂದೆ.

"ಎಷ್ಟಪ್ಪಾ ಇದು?"
"ನಲವತ್ತು ಯೂರೋ. ಎಲ್ಲರಿಗೂ ಅಚ್ಚುಮೆಚ್ಚಿನ ತಪ್ಪು, ಅಜ್ಜಿ."
ನನ್ನ ದಂಡ ಮುರಿದುಕೊಂಡು ಕೊಡು ಅಂದೆ.
ಮುದುಕಿಯ ಚೌಕಾಸಿ ಅಂದುಕೊಂಡು ಮೂವತ್ತೈದಕ್ಕೆ ಇಳಿದ.
"ಇಂಥವು ಎಷ್ಟು ಹುಟ್ಟಿದವೋ, ಎಲ್ಲೂ ಲೆಕ್ಕವಿಲ್ಲ."
ನನ್ನ ಹತ್ತಿರ ಇತ್ತು ಲೆಕ್ಕ, ಡಬ್ಬಿ ಹೊತ್ತವಳು ನಾನೇ.
ಹೇಳಿದ್ದರೆ, ಪಾಪ, ಅವನ ಬೆಲೆ ಬಿದ್ದುಹೋಗುತ್ತಿತ್ತು.

ಬಸ್ಸಿನಲ್ಲಿ, ಅವನು ಬೇಡವೇ ಬೇಡ ಅಂದದ್ದನ್ನೇ ಮಾಡಿದೆ:
ಗೂಡಿಂದ ಬಿಡಿಸಿ ಹೆಬ್ಬೆರಳಲ್ಲಿ ಸವರಿದೆ.
ಬಾಲ ಸಿಗುತ್ತೆ, ಕೇಸರ ಸಿಗುತ್ತೆ,
ಎಲೆ ಸಿಗುವುದಿಲ್ಲ.
ಭೂತಗನ್ನಡಿ ಅವನ ಮೇಜಿನ ಮೇಲೇ ಉಳಿಯಿತು.

ಹೆರ್ಮೀನಾ ಹೋಗಿ ಇದು ಮೂರನೇ ಚಳಿಗಾಲ.
ಎಷ್ಟು ತಡಕಿದರೂ
ಆ ಟೋಪನ್ನಿನ ಮಾತು ನೆನಪಾಗಲಿಲ್ಲ.
ನಗು ಬಂತು ಅಷ್ಟೆ,
ತಿರುವುಮುರುವಾಗಿ, ಹೊಟ್ಟೆಯೊಳಗಿಂದ.
ಮುಂದಿನ ಸೀಟಿನವನು ತಿರುಗಿ ನೋಡಿದ.