ಕೊಸರು

ಗುತ್ತಲಿನ ಮೂರನೇ ಅಡ್ಡರಸ್ತೆ, ಮನೆ ಸಂಖ್ಯೆ ಹದಿನೇಳು.
ಗಾಳಿಯಲ್ಲಿ ಕಾರ್ಖಾನೆಯ ಕಾಕಂಬಿ ವಾಸನೆ.
ನನ್ನ ಕೈಯಲ್ಲಿ ಇಲಾಖೆ ಕೊಟ್ಟ ಟ್ಯಾಬು,
ಅದರ ಹೊಟ್ಟೆ ತುಂಬ ಪ್ರಶ್ನೆ.
ಸಣ್ಣಮ್ಮಣ್ಣಿ ಮಣೆ ಹಾಕಿದಳು, ನೀರು ಕೊಟ್ಟಳು,
ಮೊರ ಮುಂದಿಟ್ಟುಕೊಂಡು ಅವರೆಕಾಯಿ ಸುಲಿಯುತ್ತ
ಕೇಳಿ ಮತ್ತೆ, ಅಂದಳು.

ಕಳೆದ ಏಳು ದಿನಗಳಲ್ಲಿ ಅಕ್ಕಿಗೆಷ್ಟು ಖರ್ಚು?
"ಸೊಸೈಟಿದು ಕನವ್ವ, ದುಡ್ಡಿಲ್ಲ."
ರಾಗಿ?
"ನಮ್ಮಣ್ಣ ತಂದಾಕ್ದ ಅರ್ಧ ಮೂಟೆ.
ಬೀಸ್ಸಕ್ಕೆ ಮೂವತ್ತಾಯ್ತು, ಬರ್ಕಳಿ."
ಎಣ್ಣೆ?
"ಪಾಕೀಟು ನೂರಾ ಮೂವತ್ತೆಂಟು.
ವಾರಕ್ಕಲ್ಲ, ಒಂಬತ್ತು ದಿನಕ್ಕೆ ಬತ್ತದೆ.
ಅತ್ತನೇ ದಿನ ಒಗ್ಗರಣೆ ಇಲ್ದೆ ಉಪ್ಸಾರು."

ಒಂಬತ್ತರಿಂದ ಭಾಗಿಸಿ ಏಳರಿಂದ ಗುಣಿಸಿದೆ,
ನೂರಾ ಏಳು ರೂಪಾಯಿ ಚಿಲ್ಲರೆ.
ಹತ್ತನೇ ದಿನಕ್ಕೆ ಮನೆ ಇರಲಿಲ್ಲ
ನನ್ನ ಚೌಕಗಳಲ್ಲಿ.

ಕೋಳಿ?
"ಭಾನುವಾರ ಮುಕ್ಕಾಲು ಕೇಜಿ. ಅಳಿಯ ಬಂದ್ರೆ ಒಂದು.
ಈ ಸಾರಿ ಬರ್ನಿಲ್ಲ, ಉಳೀತು."
ಉಳೀತು ಅನ್ನುವಾಗ ನಕ್ಕಳೋ,
ಬಾಯಿಗೆ ಅವರೆಕಾಳು ಹಾಕಿಕೊಂಡಳೋ.

ತರಕಾರಿ ಎಷ್ಟು ಕೇಜಿ?
"ಕೇಜಿ ಎಲ್ಬಂತು! ಗುಡ್ಡೆ ಲೆಕ್ಕ ನಮ್ದು.
ದೀಪ ಅಚ್ಚೋ ವೊತ್ಗೆ ಓಯ್ತೀನಿ ಸಂತೆಗೆ,
ಅಷ್ಟೊತ್ಗೆ ಅವ್ರಿಗೂ ಮನೆ ನೆಪ್ಪಾಗಿರ್ತದೆ.
ಇಪ್ಪತ್ಕೆ ಒಂದು ಗುಡ್ಡೆ ಬದ್ನೆ,
ಇಪ್ಪತ್ಕೆ ಟಮಾಟ, ಅತ್ತಕ್ಕೆ ಸೊಪ್ಪು."
ಒಂದು ಗುಡ್ಡೆಗೆ ಎಷ್ಟು ಗ್ರಾಂ, ಅಮ್ಮ?
ಸುಲಿಯುವ ಬೆರಳು ನಿಂತಿತು.
"ಗುಡ್ಡೆಗೆ ಗುಡ್ಡೆಯಷ್ಟು."

ಆಮೇಲೆ, ಪಾಪ, ನನಗೆ ಕಷ್ಟವಾಯಿತೆಂದು:
"ಕೊಸ್ರು ಬ್ಯಾರೆ ಇರ್ತದಲ್ಲ.
ದುಂಡಮ್ಮನತ್ರ ಕೇಳದೇ ಬ್ಯಾಡ, ಕೈತುಂಬ ಆಕ್ತಾಳೆ.
ಅವಳ ಪಕ್ಕದ ಐದ ಕರೆಂಟ್ ತಕ್ಕಡಿ ಮಡಗವ್ನೆ,
ಕೊಸ್ರು ಅಂದ್ರೆ ನಂಬರ್ ತೋರುಸ್ತಾನೆ."

ಕೊಸರು ಹುಡುಕಿದೆ ಟ್ಯಾಬಿನಲ್ಲಿ.
ಉಡುಗೊರೆ ಇದೆ. ಸಾಲ ತಂದದ್ದು ಇದೆ.
ಮನೆಯಲ್ಲೇ ಬೆಳೆದದ್ದು, ಕೂಲಿಯ ಬದಲಿಗೆ ಬಂದದ್ದು,
ಎಲ್ಲಕ್ಕೂ ಒಂದೊಂದು ಅಂಕಿ.
ಇತರೆ ಎಂದು ಒತ್ತಿದರೆ
ಬೆಲೆ ಎಷ್ಟು ಎನ್ನುತ್ತದೆ.

ಐದು ಜನ, ಏಳು ದಿನ,
ಸಾವಿರದ ನೂರಾ ಹದಿನಾರು ರೂಪಾಯಿ.
ಓದಿ ಹೇಳಿದೆ. ಸಣ್ಣಮ್ಮಣ್ಣಿ ಸೆರಗಿಗೆ ಕೈ ಒರೆಸಿದಳು.
"ಜಾಸ್ತಿಯಾಯ್ತಾ? ಕಮ್ಮಿಯಾಯ್ತಾ?"
ಹೇಳುವ ಹಾಗಿಲ್ಲ ನಾನು, ನಿಯಮ.
"ನಿಮ್ಮನೇಲಿ ಎಷ್ಟಾಯ್ತದೆ ವಾರಕ್ಕೆ?"
ಗೊತ್ತಿಲ್ಲ, ಅಂದೆ. ನಿಜವಾಗಿ ಗೊತ್ತಿರಲಿಲ್ಲ.
ಫೋನು ತೋರಿಸುತ್ತೇನೆ, ಟಿಂಗ್ ಅನ್ನುತ್ತದೆ,
ಚೀಲ ಎತ್ತಿಕೊಂಡು ಬರುತ್ತೇನೆ.
"ಗೊತ್ತಿಲ್ವಾ!" ಅಂದಳು,
ಮಗು ಜ್ವರದಲ್ಲಿದೆ ಎಂದು ಕೇಳಿದ ಹಾಗೆ.

ಸಂಜೆ ಸಂತೆಗೆ ಹೋದೆ.
ದುಂಡಮ್ಮ ಗೋಣಿತಾಟು ಮಡಚುತ್ತಿದ್ದಳು.
ಇಪ್ಪತ್ತಕ್ಕೆ ಬದನೆ, ನೇರಳೆ ಬಣ್ಣದ ಪುಟ್ಟ ಗುಡ್ಡೆ.
ನಾನು ಬಾಯಿ ತೆರೆಯುವ ಮೊದಲೇ
ಇನ್ನೂ ಮೂರು ಬಿದ್ದವು ಚೀಲಕ್ಕೆ.
ಪಕ್ಕದ ಹುಡುಗನ ತಕ್ಕಡಿಯ ಕೆಂಪು ಸೊನ್ನೆಗಳು
ಕತ್ತಲಲ್ಲಿ ಉರಿಯುತ್ತಿದ್ದವು.

ಮನೆಗೆ ಬಂದು, ಮಗಳು ಕೇಕಿಗೆಂದು ತಂದ ತಕ್ಕಡಿಯಲ್ಲಿಟ್ಟೆ:
ಐನೂರ ಎಂಬತ್ತೈದು ಗ್ರಾಂ.
ಕೊಸರು ಕಳೆದರೆ ಗುಡ್ಡೆ ಎಷ್ಟೆಂದು ತಿಳಿಯುತ್ತದೆ,
ಅಷ್ಟೇ ಬೇಕಿತ್ತು ನನಗೆ.
ಆದರೆ ಯಾವ ಮೂರು?
ಒಂದೊಂದನ್ನೇ ತೊಟ್ಟು ಹಿಡಿದು ತಿರುಗಿಸಿ ನೋಡಿದೆ.
ಎಲ್ಲವೂ ಬದನೆಕಾಯಿ.

ಗುಡ್ಡೆಗೆ ಅರ್ಧ ಕೇಜಿ ಹಾಕಿಬಿಡಿ,
ಎಲ್ಲರೂ ಹಾಗೇ ಮಾಡೋದು, ಅಂದರು ಮೇಲ್ವಿಚಾರಕರು.
ಹಾಕಿದೆ. ಕಳಿಸಿದೆ.

ಬ್ಯಾಗಿನ ತಳದಲ್ಲಿ ಒಂದು ಪೊಟ್ಟಣವಿದೆ.
ನಾನು ಚಪ್ಪಲಿ ಮೆಟ್ಟುವಾಗ ಅವಳು ತುರುಕಿದ್ದು,
ಒಂದು ಹಿಡಿ ಸುಲಿದ ಅವರೆಕಾಳು.
ಮಾಹಿತಿ ಕೊಟ್ಟವರಿಂದ ಏನನ್ನೂ ಪಡೆಯಕೂಡದು,
ಪುಟ ನಾಲ್ಕು, ಕಲಂ ಎರಡು.

ಸಾರಿಗೆ ಸಾಲದು.
ಬೆಳಿಗ್ಗೆ ಉಪ್ಪಿಟ್ಟಿಗೆ ಆಗುತ್ತದೆ.