ಮೂರನೆಯ ಟ್ಯೂಬು

ಗುತ್ತಲು ರಸ್ತೆ, ಸೈಕಲ್ ಶಾಪಿನ ಮೇಲಿನ ಮಹಡಿ.
ಏಳಕ್ಕೆ ಷಟರ್ ಎತ್ತುತ್ತೇನೆ. ಅಷ್ಟು ಹೊತ್ತಿಗೇ
ಖಾಲಿ ಹೊಟ್ಟೆಯವರು ಮೆಟ್ಟಿಲ ಮೇಲೆ ಸಾಲಾಗಿ.
ಸಕ್ಕರೆ ನಾಡು; ಹೆಚ್ಚು ಜನ ಬರುವುದು ಸಕ್ಕರೆಗೇ.

ಅವತ್ತು ಬಂದವರು ಬೇರೆ.
ಹುಡುಗಿ ಪ್ರಮೀಳ, ಹುಡುಗ ನಿಂಗರಾಜು,
ಅವಳಪ್ಪನ ಅಕ್ಕನ ಮಗ. ಊರು ಕೆರಗೋಡಿನ ಆಚೆ.
ಲಗ್ನಪತ್ರಿಕೆ ಅಚ್ಚಿಗೆ ಹೋಗುವ ಮುಂಚೆ
ರಕ್ತ ತೋರಿಸಬೇಕೆಂದು ಹಟ ಹಿಡಿದವಳು ಅವಳೇ,
ನರ್ಸಿಂಗ್ ಎರಡನೇ ವರ್ಷ, ಮಾತು ಕಡಿಮೆ.

ಜೊತೆಗೆ ಬಂದ ಚಿಕ್ಕಪ್ಪ ಬಾಗಿಲಲ್ಲೇ ನಿಂತು
'ಇಪ್ಪತ್ತಾರು ಗುಣ ಕೂಡವೆ, ನಾಡಿದೋಷ ಇಲ್ಲ,
ಇನ್ನೇನಮ್ಮ ನಿಮ್ದು? ಕಳ್ಳುಬಳ್ಳಿಯೋರು ನಾವು,
ಒಂದೇ ರಕ್ತ' ಎಂದ.
'ಅದಕ್ಕೇ ಅಣ್ಣ' ಎಂದೆ,
ಹತ್ತಿಯನ್ನು ಸ್ಪಿರಿಟ್ಟಿಗೆ ಅದ್ದುತ್ತ.

ಎತ್ತು ಕೊಳ್ಳುವಾಗ ಸುಳಿ ನೋಡುತ್ತೀರಿ, ಹಲ್ಲು ಎಣಿಸುತ್ತೀರಿ,
ಬಿತ್ತನೆ ಭತ್ತ ಒದ್ದೆ ಗೋಣಿಯಲ್ಲಿಟ್ಟು
ನೂರಕ್ಕೆ ಎಷ್ಟು ಮೊಳಕೆಯೆಂದು ಲೆಕ್ಕ ಹಾಕುತ್ತೀರಿ,
ಆಲೆಮನೆಯಲ್ಲಿ ಪಾಕ ಬಂತೇ ಎಂದು
ಒಂದು ತೊಟ್ಟು ನೀರಿಗೆ ಬಿಟ್ಟು ಉಂಡೆ ಕಟ್ಟಿ ನೋಡುತ್ತೀರಿ,
ಇದೂ ಒಂದು ತೊಟ್ಟು.
ಹೇಳಲಿಲ್ಲ. ಸೂಜಿ ಹಿಡಿದವಳು ಭಾಷಣ ಮಾಡಬಾರದು.

ನೇರಳೆ ಮುಚ್ಚಳದ ಟ್ಯೂಬು ಎರಡು.
ಅವಳದು ಸರಾಗ ಬಂತು. ಅವನ ನರ ಸಿಗಲಿಲ್ಲ,
ಎರಡು ಸಲ ಚುಚ್ಚಿದೆ;
ಟಿಲ್ಲರ್ ಹಿಡಿದು ಕೆಸರುಗದ್ದೆ ಉಳುವ ತೋಳು
ಸಣ್ಣಗೆ ನಡುಗಿತು. ಅವಳು ನಗಲಿಲ್ಲ.
ತನ್ನ ತೋಳು ಮಡಚಿ ಹತ್ತಿ ಅಮುಕಿಕೊಂಡೇ
ಇನ್ನೊಂದು ಕೈ ಅವನ ಭುಜಕ್ಕಿಟ್ಟಳು.

ಮೈಸೂರಿನಿಂದ ನಾಲ್ಕನೇ ದಿನ ಕಾಗದ ಬಂತು.
ಇಬ್ಬರಿಗೂ ಅದೇ ಸಾಲು: ತಲಸ್ಸೀಮಿಯಾ, ವಾಹಕ.
ಕಾಯಿಲೆಯಲ್ಲ. ಒಬ್ಬೊಬ್ಬರಿಗೇ ಆದರೆ ಏನೂ ಅಲ್ಲ.

ಬೆಳಿಗ್ಗೆ ನಿಂಗರಾಜು ಒಬ್ಬನೇ ಬಂದ.
'ನಂದು ಮಾತ್ರ ಕೆಟ್ಟದೆ ಅಂದ್ಬುಡಿ ಕಣಕ್ಕ.
ಊರೋರು ಹೆಣ್ಣನ್ನೇ ಆಡ್ಕೊಳ್ಳದು.'
ಮಧ್ಯಾಹ್ನ ಅವಳು, ಬಸ್ಸಿಳಿದು ಬೆವರುತ್ತ,
'ಅವನದು ಚೆನ್ನಾಗಿದೆ ಅಂತ ಬರೆಯೋಕಾಗುತ್ತಾ?'
ನರ್ಸಿಂಗ್ ಓದುವವಳು! ಬೈದೆ.
ಅವನು ಬಂದಿದ್ದನೆಂದು ಹೇಳಲಿಲ್ಲ,
ಸಂಜೆ ಇಬ್ಬರೂ ಒಟ್ಟಿಗೆ ಬನ್ನಿ ಎಂದೆ.

ಸಂಜೆ ಚಿಕ್ಕಪ್ಪನ ಹಿಂದೆ ಅಜ್ಜಿಯೂ ಬಂತು. ಕರಿಯಮ್ಮ.
ಅವಳ ಅಪ್ಪನ ಅವ್ವ, ಇವನ ಅವ್ವನ ಅವ್ವ.
ಡಾಕ್ಟರು ಹಾಳೆಯಲ್ಲಿ ನಾಲ್ಕು ಸೊನ್ನೆ ಬರೆದು
ಒಂದನ್ನು ಕಪ್ಪು ಮಾಡಿದರು:
ಪ್ರತಿ ಬಸಿರಿನಲ್ಲೂ ಇಷ್ಟು ಪಾಲು.
ಮಗು ವರ್ಷ ತುಂಬುವ ಮೊದಲೇ ಬಿಳಿಚುತ್ತದೆ, ಹೊಟ್ಟೆ ಊದುತ್ತದೆ,
ಆಮೇಲೆ ಮೂರು ನಾಲ್ಕು ವಾರಕ್ಕೊಮ್ಮೆ ಪರರ ರಕ್ತ.
ಬಸಿರಿನಲ್ಲೇ ಪರೀಕ್ಷೆ ಇದೆ, ಬೇರೆ ದಾರಿಗಳಿವೆ,
ನಿರ್ಧಾರ ನಿಮ್ಮದು.

ಇಬ್ಬರೂ ಆ ಕಪ್ಪು ಸೊನ್ನೆಯನ್ನೇ ನೋಡುತ್ತಿದ್ದರು.
ಅಜ್ಜಿ ಮಾತ್ರ ಬೆರಳು ಮಡಚುತ್ತಿತ್ತು.
'ಚೌಡಿ. ಅದರ ಬೆನ್ನಿಗೆ ಒಂದು ಗಂಡು. ಆಮ್ಯಾಕೆ ಪುಟ್ಟಿ.
ಮೂರೂ ಹಿಂಗೇ ಬೆಳ್ಳಗಾಗಿ, ಹೊಟ್ಟೆ ಗುಡಾಣ ಆಗಿ…
ನನ್ ಮೊಲೆಹಾಲೇ ನಂಜು ಅಂದ್ಲು ನಮ್ಮತ್ತೆ.
ಇಗೋ, ಬಾಗಿಲಲ್ಲಿ ನಿಂತವನಲ್ಲ, ಇವನ್ನ
ಎಮ್ಮೆ ಹಾಲಲ್ಲಿ ಸಾಕುದ್ರು. ನಂಗೆ ಮುಟ್ಟಕ್ಕೂ ಬಿಡ್ಲಿಲ್ಲ.'

ಸೆರಗು ಸರಿಸಿ, ಹಚ್ಚೆಯ ಕೈ ನನ್ನ ಮುಂದೆ ಚಾಚಿತು.
'ನಂದೂ ತಗಿ ಮಗ.'
'ನಿಂಗ್ಯಾಕವ್ವಾ, ಈ ವಯಸ್ನಲ್ಲಿ' ಎಂದ ಚಿಕ್ಕಪ್ಪ.
ಅಜ್ಜಿ ತಿರುಗಿಯೂ ನೋಡಲಿಲ್ಲ.
ಹಚ್ಚೆಯ ಹಸಿರಿನ ಕೆಳಗೆ ನರದ ಹಸಿರು;
ಮೊದಲ ಚುಚ್ಚಿಗೇ ಸಿಕ್ಕಿತು. ದುಡ್ಡು ಬರೆಯಲಿಲ್ಲ.

ಮದುವೆ ಏನಾಯಿತೆಂದು ನನ್ನನ್ನು ಕೇಳಬೇಡಿ.
ಮತ್ತೆ ಎರಡು ಸಲ ಬಂದರು, ಡಾಕ್ಟರ ಕೋಣೆಯಲ್ಲಿ
ತುಂಬ ಹೊತ್ತು ಕೂತರು,
ಹೋಗುವಾಗ ಒಂದೇ ಗಾಡಿಯಲ್ಲಿ ಹೋದರು.
ನಾನು ಕಂಡದ್ದು ಅಷ್ಟೇ.

ಅಜ್ಜಿ ಬಂದದ್ದು ಮೊದಲ ಬಸ್ಸಿಗೆ, ಒಂಟಿಯಾಗಿ,
ಬರಿಯ ಕಾಗದಕ್ಕೂ ಖಾಲಿ ಹೊಟ್ಟೆಯಲ್ಲಿ.
'ಯಾವ ಸಾಲು?'
ತೋರಿಸಿದೆ.
ಸುಣ್ಣದ ಹೆಬ್ಬೆರಳನ್ನು ಅದರ ಮೇಲೆ ಒತ್ತಿ
ಬಹಳ ಹೊತ್ತು ತೆಗೆಯಲಿಲ್ಲ.
ಆಮೇಲೆ ನಾಲ್ಕು ಮಡಿಕೆ ಮಾಡಿ, ಎಲಡಿಕೆ ಸಂಚಿಗೆ ತುರುಕಿ,
'ನಮ್ಮತ್ತೆ ಇದ್ದಿದ್ರೆ ಓದುಸ್ತಿದ್ದೆ' ಎಂದು
ಮೆಟ್ಟಿಲಿಳಿಯಿತು.