ಎರಡು ಸೆಂಟಿಮೀಟರ್

ವಾರ್ಡೋ ದ್ವೀಪದಲ್ಲಿ ಗಾಳಿಗೆ ಬರವಿಲ್ಲ.
ಒಂದು ಮರವನ್ನೂ ಎದ್ದು ನಿಲ್ಲಗೊಡದ ಗಾಳಿ,
ಕಾರಿನ ಬಾಗಿಲು ಕಿತ್ತ ಗಾಳಿ,
ಒಣಗಲು ತೂಗುಬಿಟ್ಟ ಕಾಡ್ ಮೀನುಗಳನ್ನು
ಒಂದಕ್ಕೊಂದು ಬಡಿದು ಕಟ್ಟಿಗೆಯ ಸದ್ದು ಮಾಡಿಸುವ ಗಾಳಿ.
ಇಷ್ಟೆಲ್ಲ ಇರುವಾಗ ನಾನು, ಅಂಚೆಯ ಐಲಿಫ್,
ಎರಡನೇ ಮಹಡಿಯ ತಿರುವಿನಲ್ಲಿ ನಿಂತು
ಒಂದು ಗುಟುಕಿಗೆ ಬಾಯಿ ತೆರೆಯುತ್ತೇನೆ.

ಯಾರಾದರೂ ಬಂದರೆ
ಲಕೋಟೆಯ ಮೇಲಿನ ವಿಳಾಸ ಓದುತ್ತಿರುವಂತೆ ನಟಿಸುತ್ತೇನೆ.
ಹತ್ತೊಂಬತ್ತು ವರ್ಷದಿಂದ ಅದೇ ವಿಳಾಸ:
ಗುಡ್ನಿ ಪೆರ್ಶೆನ್, ಮೂರನೇ ಮಹಡಿ, ಎಡಗಡೆ.
ಕೆಳಗಿನ ಪೆಟ್ಟಿಗೆಗೆ ಹಾಕಿ ಹೋಗಬಹುದು.
ಆದರೆ ಅವಳ ಮೊಣಕಾಲು.

ಬೆನ್ನಿನದು ಹಳೆಯ ಕಥೆ. ಅದಕ್ಕೊಂದು ಹೆಸರಿದೆ,
ಹೇಳಿ ಮುಗಿಸಲು ಉಸಿರು ಸಾಲದಷ್ಟು ಉದ್ದ:
ಆಂಕಿಲೋಸಿಂಗ್ ಸ್ಪಾಂಡಿಲೈಟಿಸ್.
ಇಪ್ಪತ್ತಾರರಲ್ಲಿ ಬಂತು. ಬೆಳಗಿನ ನಾಲ್ಕಕ್ಕೆ ಎಬ್ಬಿಸಿ
ಅಡುಗೆಮನೆಯಲ್ಲಿ ನಡೆದಾಡಿಸುತ್ತಿತ್ತು,
ಹಲ್ಲು ಬರುವ ಕೂಸಿನ ಹಾಗೆ.
ಅಪ್ಪನಿಗೂ ಇತ್ತು. ಕೊನೆಕೊನೆಗೆ ಅವನು
ಆಕಾಶ ನೋಡಬೇಕೆನಿಸಿದರೆ ದೋಣಿಯಲ್ಲಿ ಅಡ್ಡ ಮಲಗುತ್ತಿದ್ದ.
ಅದರ ಲೆಕ್ಕ ನನಗೆ ಗೊತ್ತು: ಹದಿನೈದು ದಿನಕ್ಕೊಂದು ಸೂಜಿ,
ಒಮ್ಮೆ ಹೊಟ್ಟೆಯ ಎಡಕ್ಕೆ, ಒಮ್ಮೆ ಬಲಕ್ಕೆ.

ಇದು ಬೇರೆ. ಇದಕ್ಕೆ ಹೆಸರಿಲ್ಲ.
ಅಕ್ಟೋಬರಿನಲ್ಲಿ, ಶೂ ಲೇಸು ಕಟ್ಟುವಾಗ ಶುರುವಾಯಿತು.
ಕಿರ್ಕೆನೆಸ್ ಆಸ್ಪತ್ರೆಯಲ್ಲಿ ಕೊಳವೆಯೊಳಗೆ ಊದಿದೆ,
ನರ್ಸ್ ದೋಣಿ ಪಂದ್ಯದ ದಂಡೆಯಲ್ಲಿ ನಿಂತವಳಂತೆ
ಇನ್ನೂ, ಇನ್ನೂ, ಇನ್ನೂ ಎಂದು ಕೂಗಿದಳು.
ಎದೆಗೆ ತಣ್ಣನೆಯ ಲೋಳೆ ಸವರಿ ಹೃದಯ ನೋಡಿದರು,
ರಕ್ತ ನೋಡಿದರು, ಶ್ವಾಸಕೋಶದ ಚಿತ್ರ ನೋಡಿದರು.
ಎಲ್ಲ ಚೆನ್ನಾಗಿದೆ ಎಂದರು,
ಎಲ್ಲ ಚೆನ್ನಾಗಿರುವುದು ನನ್ನದೇ ತಪ್ಪು ಎಂಬಂತೆ.
ಪಕ್ಕೆಲುಬು ಬೆನ್ನಿಗೆ ಸೇರುವಲ್ಲಿ ಬಿಗಿದಿರಬಹುದು.
ಬಿಗಿಯದೆಯೂ ಇರಬಹುದು. ಆತಂಕವಿರಬಹುದು.
ಹಿಂದಿರುಗುವಾಗ ಬಸ್ಸಿನಲ್ಲಿ ಪಕ್ಕದ ಸೀಟು ಖಾಲಿಯಿತ್ತು;
ಇರಬಹುದು ಎಂಬುದು ಅಲ್ಲಿ ಕೂತು ಬಂತು, ಮೂರೂವರೆ ಗಂಟೆ.

ಜೂನಿನ ಆ ದಿನ ಗುಡ್ನಿ ಬಾಗಿಲು ತೆರೆದೇ ಇಟ್ಟಿದ್ದಳು.
“ಕೆಳಗಿನಿಂದಲೇ ಕೇಳಿಸುತ್ತೀಯ,” ಎಂದಳು.
“ಹದಿನಾರು ಮೆಟ್ಟಿಲು. ಆಮೇಲೆ ಏನೂ ಇಲ್ಲ.
ಸತ್ತನೇನೋ ಅಂದುಕೊಳ್ಳುವಷ್ಟರಲ್ಲಿ ಮತ್ತೆ ಹದಿನಾರು.”

ನಲವತ್ತು ವರ್ಷ ಮೀನುಗಾರರಿಗೆ ಮಳೆಯಂಗಿ ಹೊಲಿದವಳು.
ಕೇಳದೆಯೇ ಕತ್ತಿನ ಟೇಪು ಇಳಿಸಿ ನನ್ನ ಎದೆಗೆ ಸುತ್ತಿದಳು.
“ಎಳೆದುಕೋ.” ತೊಂಬತ್ತಾರು.
“ಬಿಡು.” ತೊಂಬತ್ನಾಲ್ಕು.
ಕನ್ನಡಕ ಹಾಕಿಕೊಂಡು ಮತ್ತೊಮ್ಮೆ. ಅಷ್ಟೇ.
“ಅಂಗಿಗೆ ಇಷ್ಟೇ ಬಿಡುವು ಕೊಟ್ಟರೆ
ಗಂಡಸು ಬಲೆ ಎಳೆಯುವುದಿರಲಿ, ಕೈಯನ್ನೂ ಎತ್ತಲಾರ.”
ಆಸ್ಪತ್ರೆಯ ಟೇಪಿಗೂ ಎರಡೇ ಬಂದಿತ್ತು.
ಅವರು ಬರೆದುಕೊಂಡಿದ್ದರು.
ಇವಳು ಬೈದಳು. ಯಾರನ್ನು ಎಂದು ತಿಳಿಯಲಿಲ್ಲ.

ಅವಳ ಕಿಟಕಿಯ ಹೊರಗೆ, ನಾಲ್ಕು ಬೆರಳಗಲದ ಅಂಚಿನಲ್ಲಿ
ಕ್ರಿಕ್ಯೆ ಹಕ್ಕಿಯ ಗೂಡು: ಕೆಸರು, ಪಾಚಿ, ನೀಲಿ ನೈಲಾನ್ ದಾರ.
ಮರಿ ಕಡಲಿಗೆ ಬೆನ್ನು ಹಾಕಿ
ಗೋಡೆಗೆ ಮುಖ ಒತ್ತಿ ಕೂತಿತ್ತು.
“ಹುಟ್ಟುತ್ತಲೇ ಹಾಗೆ ಕೂರುತ್ತವೆ, ಬೀಳದ ಹಾಗೆ,” ಎಂದಳು.
ಅದರ ಪುಟ್ಟ ಎದೆಗೂಡು ಮಾತ್ರ
ನಾಚಿಕೆಯಿಲ್ಲದೆ ಏರುತ್ತಿತ್ತು, ಇಳಿಯುತ್ತಿತ್ತು.
ನನಗೆ ಹೊಟ್ಟೆಕಿಚ್ಚಾಯಿತು. ಹಕ್ಕಿಮರಿಯ ಮೇಲೆ.

ಸೋಮವಾರ ತಿರುವಿನಲ್ಲಿ ಒಂದು ಕುರ್ಚಿ.
ಹಳದಿ ಬಣ್ಣದ್ದು, ಅವಳ ಅಡುಗೆಮನೆಯ ನಾಲ್ಕರಲ್ಲಿ ಒಂದು.
ಆ ಮೊಣಕಾಲಿನಲ್ಲಿ ಹದಿನಾರು ಮೆಟ್ಟಿಲು
ಅದನ್ನು ಹೇಗೆ ಇಳಿಸಿದಳೋ ನಾನು ಕೇಳಲಿಲ್ಲ,
ಅವಳೂ ಉಸಿರೆತ್ತಲಿಲ್ಲ.

ಕೂತೆ. ತೊಡೆಯ ಮೇಲೆ ಊರಿನ ಕಾಗದಗಳು.
ಉಸಿರು ತನಗೆ ತೋಚಿದಾಗ ಬಂತು, ಅರ್ಧ,
ಮತ್ತೆ ಅರ್ಧ, ಕಾರಣ ಹೇಳಲಿಲ್ಲ.
ಮೇಲಿನಿಂದ ಅವಳ ದನಿ: “ಹದಿನಾರು!”
ನಾನು ಉತ್ತರಿಸಲಿಲ್ಲ.
ಇವತ್ತು ಅವಳಿಗೆ ಬಂದಿರುವುದು ಕರೆಂಟ್ ಬಿಲ್ಲು ಮಾತ್ರ,
ಅದು ಕಾಯಬಹುದು.